ಆಯುಷ್ಯದ ಕರಾರು

ವಿಮೆಯ ಕಚೇರಿಯಲ್ಲಿ ಕೂತವರಿಗೆ ಮನುಷ್ಯರ ಎರಡು ಭಯಗಳು ಚೆನ್ನಾಗಿ ಗೊತ್ತು. ಬೇಗ ಸತ್ತುಬಿಟ್ಟರೆ ಮನೆಯವರ ಗತಿಯೇನು ಎಂಬುದೊಂದು. ಬೇಗ ಸಾಯದೇ ಹೋದರೆ ತನ್ನ ಗತಿಯೇನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪಾಲಿಸಿ ಮಾಡಿಸುತ್ತಾರೆ. ಎರಡನೆಯದಕ್ಕೆ ಪೆನ್ಷನ್ ಕೊಳ್ಳುತ್ತಾರೆ. ನಾನು ಎಲ್‌ಐಸಿಯ ಪೆನ್ಷನ್ ವಿಭಾಗದಲ್ಲಿ ಕೂತೇ ತಲೆ ನರೆಸಿಕೊಂಡವಳು. ವರ್ಷಕ್ಕೊಮ್ಮೆ ‘ಬದುಕಿದ್ದೇನೆ’ ಎಂಬ ಸರ್ಟಿಫಿಕೇಟು ಹಿಡಿದು ಕೋಲೂರಿಕೊಂಡು ಬರುತ್ತಿದ್ದ ಹಿರಿಯರನ್ನು ಕಂಡರೆ ನಮಗೆ ಖುಷಿ. ಲೆಕ್ಕ ಹಾಕುವ ಆಕ್ಚುಯರಿಗಳಿಗೂ ಅಷ್ಟೇ ಖುಷಿಯಾಗುತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಹೀಗಾಗಿ ನೆಂಟರಿಷ್ಟರಲ್ಲಿ ಯಾರೇ ‘ಸೀನಿಯರ್ ಲಿವಿಂಗ್’ ಎಂದು ಹೊರಟರೂ ಅಗ್ರಿಮೆಂಟಿನ ಪ್ರತಿ ಮೊದಲು ನನ್ನ ಮನೆಗೆ ಬರುತ್ತದೆ. ಈಗ ಬಂದಿರುವುದು ಅಣ್ಣ–ಅತ್ತಿಗೆಯದು. ದೇವನಹಳ್ಳಿ ಕಡೆ, ವಿಮಾನ ನಿಲ್ದಾಣಕ್ಕೆ ಹತ್ತಿರ. ಮಗ ಅಮೆರಿಕದಲ್ಲಿರುವ ಮನೆಗೆ ಅದೂ ಒಂದು ಅನುಕೂಲವೇ. ಜಾರದ ನೆಲ, ಬಚ್ಚಲಿನಲ್ಲಿ ಹಿಡಿಕೆ, ರಾತ್ರಿಯೂ ಇರುವ ನರ್ಸು, ಮೂರು ಹೊತ್ತಿನ ಊಟ, ಗ್ರಂಥಾಲಯ, ಈಜುಕೊಳ. ಅಣ್ಣ ಒಂದು ಹಾಳೆಗೆ ನಡುವೆ ಗೆರೆ ಹೊಡೆದು ಎಡಕ್ಕೆ ಲಾಭ, ಬಲಕ್ಕೆ ನಷ್ಟ ಎಂದು ಬರೆದು ತಂದಿದ್ದ. ‘ಎರಡೂ ಸಮ ಬರ್ತಿದೆ ಕಣೇ, ನೀನೇ ಹೇಳು’ ಎಂದ. ಆ ಹಾಳೆಯಲ್ಲಿ ಊಟದ ರುಚಿಯಿಂದ ಹಿಡಿದು ಮಂಗನ ಕಾಟದವರೆಗೆ ಎಲ್ಲವೂ ಇತ್ತು. ಒಂದು ಪ್ರಶ್ನೆ ಮಾತ್ರ ಇರಲಿಲ್ಲ. ಲೆಕ್ಕಕ್ಕಿಂತ ಹೆಚ್ಚು ಕಾಲ ಬದುಕಿಬಿಟ್ಟರೆ ಆ ಖರ್ಚು ಯಾರ ತಲೆಗೆ? ಈ ವ್ಯವಹಾರದ ಇತಿಹಾಸವೆಲ್ಲ ಆ ಪ್ರಶ್ನೆಯ ಸುತ್ತಲೇ ತಿರುಗಿದೆ.

ಇತಿಹಾಸ ಎಂದದ್ದು ಸುಮ್ಮನೆ ಅಲ್ಲ. ದುಡ್ಡು ಕೊಟ್ಟು ಮುಪ್ಪನ್ನು ಇನ್ನೊಬ್ಬರಿಗೆ ವಹಿಸಿಕೊಡುವ ಕರಾರು ಇಂಗ್ಲೆಂಡಿನ ಕ್ರೈಸ್ತ ಮಠಗಳಲ್ಲಿ 13–14ನೇ ಶತಮಾನದಲ್ಲೇ ಮಾಮೂಲಾಗಿತ್ತು. ಅದನ್ನು ‘ಕಾರೊಡಿ’ ಎನ್ನುತ್ತಿದ್ದರು. ಒಂದು ಗಂಟು ಹಣವನ್ನೋ ಜಮೀನನ್ನೋ ಮಠಕ್ಕೆ ಬರೆದುಕೊಟ್ಟರೆ ಸಾಯುವ ತನಕ ಅಶನ–ವಸತಿ ಮಠದ್ದು. ದಿನಕ್ಕಿಷ್ಟು ರೊಟ್ಟಿ, ಇಷ್ಟು ಏಲ್ ಎಂಬ ಬಿಯರು, ಅಡುಗೆಮನೆಯಿಂದ ಇಂಥ ಪದಾರ್ಥ ಎಂದು ಪತ್ರದಲ್ಲೇ ಬರೆದಿರುತ್ತಿತ್ತು. ಹೆಚ್ಚು ಕೊಟ್ಟವರಿಗೆ ಸ್ವಂತ ಕೋಣೆ, ಸೌದೆ, ಮೋಂಬತ್ತಿ, ಆಳಿಗೆ ಊಟ, ಕುದುರೆಗೆ ಹುಲ್ಲು. ಕಡಿಮೆ ಕೊಟ್ಟವರಿಗೆ ಸನ್ಯಾಸಿಗಳ ಬಿಳಿ ರೊಟ್ಟಿಯ ಬದಲು ಕೆಲಸದವರ ಒರಟು ರೊಟ್ಟಿ. ಐಷಾರಾಮಿ ಮತ್ತು ಸಾಧಾರಣ ಎಂಬ ದರ್ಜೆಗಳು ನಮ್ಮ ಬಿಲ್ಡರುಗಳು ಕಂಡುಹಿಡಿದದ್ದಲ್ಲ.

ಮಠಗಳಿಗೆ ಇದು ಮೊದಮೊದಲು ರುಚಿಸಿತು. ಕೈಗೆ ಇಂದೇ ಕಾಸು, ಖರ್ಚು ಮುಂದಿನ ಮಾತು. ಸಾಲ ತೀರಿಸಲು ಕಾರೊಡಿ ಮಾರಿದರು. ಮಾರಿದ ಕಾರೊಡಿಯನ್ನು ನಡೆಸಲು ಮತ್ತೆ ಸಾಲ ಮಾಡಿದರು. ಒಳಗೆ ಬಂದವರು ಎಣಿಸಿದಷ್ಟು ಬೇಗ ಸಾಯಲಿಲ್ಲ. ಸಾಲದ್ದಕ್ಕೆ ರಾಜನೂ ತನ್ನ ಮುದಿ ಸೇವಕರನ್ನು ಪುಕ್ಕಟೆಯಾಗಿ ಮಠಗಳ ಮೇಲೆ ಹೇರುತ್ತಿದ್ದ. ತಪಾಸಣೆಗೆ ಬಂದ ಬಿಷಪ್ಪರು, ನಮ್ಮ ಅಪ್ಪಣೆಯಿಲ್ಲದೆ ಇನ್ನು ಕಾರೊಡಿ ಮಾರಕೂಡದು ಎಂದು ಮತ್ತೆಮತ್ತೆ ತಾಕೀತು ಮಾಡಬೇಕಾಯಿತು. ದೀರ್ಘಾಯುಷ್ಯದ ಹೊರೆಯನ್ನು ಲೆಕ್ಕವಿಲ್ಲದೆ ಹೊತ್ತವನು ಮುಳುಗುತ್ತಾನೆ ಎಂಬ ಪಾಠ ಅಷ್ಟು ಹಳೆಯದು.

ಲೆಕ್ಕ ಬಂದದ್ದು ತೀರ ತಡವಾಗಿ. 1693ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಅದೇ ಹ್ಯಾಲಿ, ಬ್ರೆಸ್ಲಾವ್ ಪಟ್ಟಣದ ಜನನ–ಮರಣದ ದಾಖಲೆಗಳಿಂದ ಯಾವ ವಯಸ್ಸಿನವರು ಎಷ್ಟು ಮಂದಿ ಉಳಿಯುತ್ತಾರೆ ಎಂಬ ಪಟ್ಟಿ ಕಟ್ಟಿದ. ವರ್ಷಾಶನಕ್ಕೆ ವಯಸ್ಸು ನೋಡಿ ಬೆಲೆ ಕಟ್ಟಬೇಕೆಂದು ತೋರಿಸಿದ. ಆಗ ಇಂಗ್ಲೆಂಡಿನ ಸರ್ಕಾರವೇ ಎಳೆಯರಿಗೂ ಮುದುಕರಿಗೂ ಒಂದೇ ದರದಲ್ಲಿ ವರ್ಷಾಶನ ಮಾರುತ್ತಿತ್ತು. ನಾನು ಕೆಲಸಕ್ಕೆ ಸೇರಿದಾಗ ಮೇಜಿನ ಮೇಲಿದ್ದ ದರಪಟ್ಟಿಯ ಮುತ್ತಜ್ಜ ಆ ಬ್ರೆಸ್ಲಾವಿನ ಪಟ್ಟಿ.

ನಮ್ಮಲ್ಲಿ ಇಂಥದ್ದೆಲ್ಲ ಇರಲಿಲ್ಲ, ಅವಿಭಕ್ತ ಕುಟುಂಬವೇ ನೋಡಿಕೊಳ್ಳುತ್ತಿತ್ತು ಎಂದು ಅಣ್ಣ ಭಾಷಣ ಶುರು ಮಾಡಿದ. ಅವನಿಗೆ ನಮ್ಮ ಅಜ್ಜಿಯ ಪಾಲುಪಟ್ಟಿ ತೆಗೆದು ತೋರಿಸಿದೆ. ತಾತ ತೀರಿಕೊಂಡ ಮೇಲೆ ಮೈದುನರು ಆಸ್ತಿ ಹಂಚಿಕೊಂಡಾಗ ಬರೆದ ಕಾಗದ. ಅಜ್ಜಿಗೆ ನಡುಮನೆಯ ಪಕ್ಕದ ಕೋಣೆ, ವರ್ಷಕ್ಕಿಷ್ಟು ರಾಗಿ, ಇಷ್ಟು ಭತ್ತ, ಎರಡು ಸೀರೆ, ಹಿತ್ತಲ ಬಾವಿಯಲ್ಲಿ ನೀರು ಸೇದುವ ಹಕ್ಕು, ಆ ಬಾವಿಗೆ ಹೋಗಿಬರುವ ದಾರಿಯ ಹಕ್ಕು. ಎಲ್ಲವೂ ‘ಜೀವ ಇರುವವರೆಗೆ’. ಮನೆಯವರನ್ನು ನಂಬಿದ್ದರೆ ಬಾವಿಯ ದಾರಿಯನ್ನು ಸ್ಟಾಂಪು ಕಾಗದದಲ್ಲಿ ಯಾಕೆ ಬರೆಸಬೇಕಿತ್ತು? ವಿಧವೆಯ ಪಾಲಿಗೆ ಜೀವನಾಂಶವೇ ಗತಿ ಎಂದಿದ್ದ ಕಾಲ ಅದು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆ ತಂದು ಪರಿಸ್ಥಿತಿಯನ್ನು ಸ್ವಲ್ಪ ಸಡಿಲಿಸಿತು. ದೇಶಕ್ಕೆಲ್ಲ ಪೂರ್ಣ ಹಕ್ಕು ಬಂದದ್ದು 1956ರ ಉತ್ತರಾಧಿಕಾರ ಕಾಯಿದೆಯಿಂದ.

ಅಣ್ಣನ ಭಾಷಣದಲ್ಲಿ ಇನ್ನೊಂದು ಲೋಪವಿತ್ತು. ಅದನ್ನು ಅತ್ತಿಗೆಯೇ ಎತ್ತಿದರು. ‘ಕುಟುಂಬ ನೋಡಿಕೊಳ್ತು ಅಂತೀರಲ್ಲ, ಕುಟುಂಬ ಅಂದ್ರೆ ಯಾರು? ನಿಮ್ಮ ಅಮ್ಮನ ಬೆಡ್‌ಪ್ಯಾನ್ ತೆಗೆದವಳು ನಾನು. ನನ್ನದು ತೆಗೆಯೋಕೆ ಸೊಸೆ ಸಿಯಾಟಲ್‌ನಿಂದ ಬರ್ಬೇಕಾ?’ ಅಣ್ಣ ಹಾಳೆಯನ್ನು ಮಡಿಸಿಟ್ಟ. ಮನೆಯಲ್ಲೇ ಮುಪ್ಪು ಕಳೆಯುವ ವ್ಯವಸ್ಥೆ ಸಂಬಳವಿಲ್ಲದ ಹೆಂಗಸರ ದುಡಿಮೆಯ ಮೇಲೆ ನಿಂತಿತ್ತು. ಅದರ ಬೆಲೆಯನ್ನು ಈಗ ತಿಂಗಳ ಬಿಲ್ಲಿನಲ್ಲಿ ಅಚ್ಚುಮಾಡಿ ಕೊಡುತ್ತಿದ್ದಾರೆ, ಅಷ್ಟೇ. ಸೀನಿಯರ್ ಲಿವಿಂಗ್ ಪರವಾಗಿ ಈಜುಕೊಳಕ್ಕಿಂತ ದೊಡ್ಡ ವಾದ ಇದು.

ಬೆಂಗಳೂರಿಗೆ ವೃದ್ಧರ ಮನೆ ಹೊಸದಲ್ಲ. ಹೊಸೂರು ರಸ್ತೆಯಲ್ಲಿ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಸನ್ಯಾಸಿನಿಯರ ವೃದ್ಧಾಶ್ರಮ 1900ರಿಂದ ಇದೆ. ಆ ಸಂಘ ಹುಟ್ಟಿದ್ದು 1839ರ ಫ್ರಾನ್ಸಿನಲ್ಲಿ. ಜಾನ್ ಜುಗಾನ್ ಎಂಬ ಹೆಣ್ಣುಮಗಳು ಕಣ್ಣಿಲ್ಲದ ಒಬ್ಬ ಮುದುಕಿಯನ್ನು ಮನೆಗೆ ತಂದು ತನ್ನ ಹಾಸಿಗೆ ಬಿಟ್ಟುಕೊಟ್ಟಳು. ಆಮೇಲೆ ಬುಟ್ಟಿ ಹಿಡಿದು ಮನೆಮನೆ ತಿರುಗಿ ಬೇಡಿ ತಂದು ಸಾಕಿದಳು. ದಾನದ ಮೇಲೆ ನಡೆಯುವುದೇ ಈಗಲೂ ಆ ಸಂಘದ ಪದ್ಧತಿ. ಆದರೆ ಪಿಂಚಣಿ ಬರುವವರು ‘ಆಶ್ರಮ’ ಎಂದರೆ ಬೆಚ್ಚುತ್ತಿದ್ದರು. ಅದು ಗತಿಯಿಲ್ಲದವರ ಜಾಗ. ಗತಿಯಿದ್ದವರಿಗೆ ಬೆಂಗಳೂರೇ ವೃದ್ಧರ ವಸತಿಯಾಗಿತ್ತು. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನಿವೃತ್ತ ಅಮಲ್ದಾರರು, ಮೇಷ್ಟರುಗಳು, ಇಂಜಿನಿಯರುಗಳು ಮನೆ ಕಟ್ಟಿಸಿ, ಅಂಗಳದಲ್ಲಿ ಸಂಪಿಗೆ, ಹಿತ್ತಲಲ್ಲಿ ತೆಂಗು ಹಾಕಿ, ಸಂಜೆ ಕಹಳೆಬಂಡೆಯ ಕಡೆ ವಾಕಿಂಗ್ ಹೋದರು. ಪೆನ್ಷನರುಗಳ ಸ್ವರ್ಗ ಎಂಬ ಹೆಸರು ಊರಿಗೆ ಹಾಗೆ ಅಂಟಿತು.

ಒಂದೇ ಬಗೆಯ ಜನ ಒಟ್ಟಾಗಿ ನೆಲೆಸುವ ಪ್ರಯೋಗವೂ ನಮ್ಮಲ್ಲಿ ಆಗಿದೆ, ವೈಟ್‌ಫೀಲ್ಡಿನಲ್ಲಿ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ–ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟರು, ಸಂಘದ ಡಿ. ಎಸ್. ವೈಟ್ ಹೆಸರೇ ಊರಿನ ಹೆಸರಾಯಿತು. ಉದ್ದೇಶ ಬೇಸಾಯ. ನಡುವೆ ಉರುಟು ಮೈದಾನ, ಸುತ್ತ ಬಂಗಲೆಗಳು. ಬೇಸಾಯ ಹೇಳಿಕೊಳ್ಳುವಷ್ಟು ಕೈಹಿಡಿಯಲಿಲ್ಲ. ಎಳೆಯರು ರೈಲ್ವೆ, ಟೆಲಿಗ್ರಾಫ್ ಎಂದು ಹೊರಟರು. ರೈಲ್ವೆಯಿಂದ, ಕೋಲಾರದ ಗಣಿಯಿಂದ ನಿವೃತ್ತರಾದವರು ಬಂದರು. ಒಂದೇ ಪೀಳಿಗೆಯವರ ಊರು ಆ ಪೀಳಿಗೆಯ ಜೊತೆಗೇ ಸವೆಯುತ್ತದೆ. ಮಕ್ಕಳು ಹೊರದೇಶಗಳಿಗೆ ಹೋದರು, ಬಂಗಲೆಗಳು ಕೈಬದಲಾದವು, 1990ರ ದಶಕದಲ್ಲಿ ಐಟಿ ಬಂತು. ಈಗ ಅದೇ ವೈಟ್‌ಫೀಲ್ಡ್ ಸುತ್ತಮುತ್ತ ಹಿರಿಯರ ಅಪಾರ್ಟ್‌ಮೆಂಟುಗಳು ಏಳುತ್ತಿವೆ.

ವಯಸ್ಸಾದವರನ್ನೇ ಆರಿಸಿ ಊರು ಕಟ್ಟಿ ಅದನ್ನು ಭರ್ಜರಿಯಾಗಿ ಮಾರಿದ್ದು ಅಮೆರಿಕ. ಅರಿಜೋನಾದ ಮರುಭೂಮಿಯಲ್ಲಿ 1954ರಲ್ಲೇ ಯಂಗ್‌ಟೌನ್ ಎಂಬ ಸಣ್ಣ ಊರು ಎದ್ದಿತ್ತು. ಅದರ ಪಕ್ಕದಲ್ಲೇ ಕಂಟ್ರಾಕ್ಟರ್ ಡೆಲ್ ವೆಬ್ 1960ರ ಜನವರಿ 1ರಂದು ಸನ್ ಸಿಟಿಯ ಬಾಗಿಲು ತೆರೆದ. ಮನೆ ಮಾರುವ ಮೊದಲೇ ಗಾಲ್ಫ್ ಮೈದಾನ, ಅಂಗಡಿ ಸಾಲು, ಮನರಂಜನಾ ಕೇಂದ್ರ ಕಟ್ಟಿಸಿದ್ದ. ಮೂರು ದಿನಗಳಲ್ಲಿ ಲಕ್ಷದಷ್ಟು ಜನ ನೋಡಲು ಬಂದರು. 1962ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ವೆಬ್‌ನ ಚಿತ್ರ ಬಂತು. ಅವನು ಮಾರಿದ್ದು ಆರೈಕೆಯನ್ನಲ್ಲ, ಬಿಡುವನ್ನು. ಇಂದು ದೇವನಹಳ್ಳಿಯ ಬ್ರೋಷರಿನಲ್ಲಿ ಬೆಳ್ಳಿಕೂದಲಿನ ದಂಪತಿ ನಗುತ್ತಾ ಸೈಕಲ್ ತುಳಿಯುವ ಚಿತ್ರದ ಮೂಲ ಅಲ್ಲಿದೆ.

ಸನ್ ಸಿಟಿಯ ಹಿರಿಯರು ಸುಖವಾಗಿದ್ದರು. ಆದರೆ ಆ ಊರಿನಲ್ಲಿ ಮಕ್ಕಳು ವಾಸಿಸುವಂತಿರಲಿಲ್ಲ. ನೆರೆಯ ಪಿಯೋರಿಯಾದ ಶಾಲೆಗಳಿಗೆ ಮಾತ್ರ ತೆರಿಗೆ ಕೊಡಬೇಕಿತ್ತು. ಶಾಲೆ ಕಟ್ಟಲು ಸಾಲಪತ್ರ ಎತ್ತುವ ಪ್ರಸ್ತಾಪಗಳನ್ನು ಅವರು ವಿರುದ್ಧ ಮತ ಹಾಕಿ ಮತ್ತೆಮತ್ತೆ ಸೋಲಿಸಿದರು. 1974ರಲ್ಲಿ ಊರನ್ನೇ ಆ ಶಾಲಾ ಜಿಲ್ಲೆಯಿಂದ ಬೇರ್ಪಡಿಸಬೇಕಾಯಿತು. ಸಮವಯಸ್ಕರ ಸಹವಾಸ ಹಿತವೇ. ಬೇರೆ ವಯಸ್ಸಿನವರ ಕಷ್ಟ ಕಣ್ಣಿಗೆ ಬೀಳದಿದ್ದರೆ ಮನಸ್ಸು ಎಷ್ಟು ಬೇಗ ಬಿಗಿಯುತ್ತದೆ ಎಂಬುದಕ್ಕೂ ಅದೇ ಊರು ಸಾಕ್ಷಿ. ಅಣ್ಣನ ಬಲಗಡೆಯ ಪಟ್ಟಿಗೆ ಇದನ್ನು ಸೇರಿಸಿದೆ.

ನನ್ನ ಕಸುಬಿಗೆ ತೀರ ಹತ್ತಿರದ ಕಥೆ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಹೋಮ್ಸ್‌ನದು. ಮೆಥಡಿಸ್ಟ್ ಚರ್ಚಿನ ನಂಟಿದ್ದ ಸಂಸ್ಥೆ. ಮೊದಲೇ ಒಂದು ಮೊತ್ತ ಕೊಟ್ಟರೆ ಆಜೀವ ಆರೈಕೆ ಎಂಬ ಕರಾರು, ಅಂದರೆ ಹಳೆಯ ಕಾರೊಡಿಯೇ. ಹಿರಿಯರು ಎಣಿಸಿದ್ದಕ್ಕಿಂತ ಹೆಚ್ಚು ಬದುಕಿದರು, ಬೆಲೆಗಳು ಏರಿದವು, ಹೊಸಬರ ಮುಂಗಡದಿಂದ ಹಳಬರ ಖರ್ಚು ನಡೆಯಿತು. 1977ರಲ್ಲಿ ಸಂಸ್ಥೆ ದಿವಾಳಿ ಎಂದು ಕೋರ್ಟಿಗೆ ಹೋಯಿತು. ಜೀವಮಾನಕ್ಕೆಂದು ಹಣ ಕಟ್ಟಿ ಮುಗಿಸಿದವರು ಮತ್ತೆ ತಿಂಗಳು ತಿಂಗಳು ಕಟ್ಟಬೇಕಾದ ಸ್ಥಿತಿ. ಅವರು ಚರ್ಚಿನ ಮೇಲೆಯೇ ದಾವೆ ಹೂಡಿದರು. ಕೊನೆಗೆ ರಾಜಿಯಾಗಿ ಚರ್ಚು ಹಣ ತೆರಬೇಕಾಯಿತು. ಆಮೇಲೆ ಅಮೆರಿಕದ ಹಲವು ರಾಜ್ಯಗಳು ಇಂಥ ಸಂಸ್ಥೆಗಳಿಗೆ ಪರವಾನಗಿ, ಲೆಕ್ಕಪತ್ರದ ಬಹಿರಂಗ, ಮೀಸಲು ನಿಧಿ ಎಂಬ ಕಟ್ಟುಪಾಡು ವಿಧಿಸಿದವು.

ಈಗ ಅಣ್ಣನ ಅಗ್ರಿಮೆಂಟಿಗೆ ಬರೋಣ. ಅದನ್ನು ಬರೆದವರು ಮಠದ ಕಥೆಯಿಂದ ಚೆನ್ನಾಗಿ ಪಾಠ ಕಲಿತಂತಿದೆ. ‘ಜೀವ ಇರುವವರೆಗೆ’ ಎಂಬ ಮಾತು ಇಡೀ ಪತ್ರದಲ್ಲಿ ಎಲ್ಲೂ ಇಲ್ಲ. ಫ್ಲ್ಯಾಟು ಕ್ರಯಕ್ಕೆ. ಊಟ, ನರ್ಸು, ಸ್ವಚ್ಛತೆಗೆ ತಿಂಗಳ ಶುಲ್ಕ. ಆ ಶುಲ್ಕವನ್ನು ‘ಕಾಲಕಾಲಕ್ಕೆ ಪರಿಷ್ಕರಿಸುವ’ ಅಧಿಕಾರ ಸಂಸ್ಥೆಗೆ. ಮರೆವಿನ ಕಾಯಿಲೆ ಬಂದರೆ, ಹಾಸಿಗೆ ಹಿಡಿದರೆ, ‘ಸೂಕ್ತ ಬೇರೆಡೆಗೆ’ ಸಾಗಿಸುವ ಹೊಣೆ ಮನೆಯವರದ್ದು. ಅಂದು ಲೆಕ್ಕ ತಪ್ಪಿದರೆ ಮಠ ಮುಳುಗುತ್ತಿತ್ತು. ಇಂದು ಮುಳುಗುವವರು ಒಳಗಿರುವ ಹಿರಿಯರು. ಎಂಬತ್ತರ ನಂತರದ ಖರ್ಚನ್ನು ಇಳಿಸಿಕೊಳ್ಳಲೆಂದು ಹೋದವರು ಅದನ್ನು ಹೊತ್ತುಕೊಂಡೇ ಒಳಗೆ ಕಾಲಿಡುತ್ತಾರೆ.

ಕಾನೂನು ಎಷ್ಟು ದೂರ ಬರುತ್ತದೆ? 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆ ಮಕ್ಕಳಿಂದ ಜೀವನಾಂಶ ಕೊಡಿಸುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ರದ್ದುಮಾಡಲು ಬರುತ್ತದೆ. ಅದು ಮಕ್ಕಳ ವಿರುದ್ಧದ ರಕ್ಷಣೆ. 2016ರ ರೇರಾ ಕಾಯಿದೆ ಕಟ್ಟಡವನ್ನು ಹೊತ್ತಿಗೆ ಕೊಡಿಸುತ್ತದೆ. ಹತ್ತು ವರ್ಷದ ಮೇಲೆ ರಾತ್ರಿಯ ನರ್ಸು ಇರುತ್ತಾಳೋ ಇಲ್ಲವೋ ಎಂಬುದು ಅದರ ಕೆಲಸವಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಿವೃತ್ತರ ವಸತಿಗಳಿಗೆಂದೇ ಮಾದರಿ ಮಾರ್ಗಸೂಚಿ ಹೊರಡಿಸಿತು. ಮಾದರಿ ಎಂದರೆ ರಾಜ್ಯಗಳು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. 1891ರಲ್ಲೇ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ತನ್ನ ನೌಕರರಿಗೆ ಜೀವವಿಮೆ ಶುರು ಮಾಡಿದ ನಾಡು ನಮ್ಮದು. ವೃದ್ಧರ ವಸತಿಗಳಿಗೆ ಒಂದು ಮೀಸಲು ನಿಧಿಯ ನಿಯಮ ಮಾಡುವುದು ಆಗದ ಕೆಲಸವೇನಲ್ಲ.

ಇಷ್ಟೆಲ್ಲ ಹೇಳಿಯೂ ನಾನು ಅಣ್ಣ–ಅತ್ತಿಗೆಗೆ ಹೋಗಬೇಡಿ ಎನ್ನಲಿಲ್ಲ. ಹೋಗಿ, ಆದರೆ ಕೊಳ್ಳಬೇಡಿ ಎಂದೆ. ಅದೇ ಆವರಣದಲ್ಲಿ ಬಾಡಿಗೆಗೂ ಮನೆ ಸಿಗುತ್ತದೆ. ಈಗಿರುವ ಜಯನಗರದ ಮನೆ ಮಾರದೆ ಬಾಡಿಗೆಗೆ ಕೊಟ್ಟರೆ, ಆ ಬಾಡಿಗೆ ಅಲ್ಲಿನ ಶುಲ್ಕದ ಜೊತೆಜೊತೆಗೇ ಏರುತ್ತದೆ. ಹಿಡಿಸದಿದ್ದರೆ ವಾಪಸು ಬರಲು ಬಾಗಿಲೂ ಇರುತ್ತದೆ. ಹೋಗುವುದಾದರೆ ಕೈಕಾಲು ಗಟ್ಟಿಯಿರುವಾಗಲೇ ಹೋಗಿ. ಹಾಸಿಗೆ ಹಿಡಿದ ಮೇಲೆ ಹೋದವರಿಗೆ ನರ್ಸು ಸಿಗುತ್ತಾಳೆ, ಗೆಳೆಯರು ಸಿಗುವುದಿಲ್ಲ. ಅತ್ತಿಗೆ ಆಗಲೇ ಪಾತ್ರೆಗಳಲ್ಲಿ ಯಾವುದನ್ನು ಯಾರಿಗೆ ಕೊಡುವುದೆಂದು ಪಟ್ಟಿ ಮಾಡುತ್ತಿದ್ದರು.

ನಿಮ್ಮ ಕೈಗೂ ಇಂಥ ಬ್ರೋಷರು ಬಂದಿರಬಹುದು. ಈಜುಕೊಳದ ಉದ್ದಗಲ ಅದರಲ್ಲಿ ಇಂಚು ಸಮೇತ ಇರುತ್ತದೆ. ಮೀಸಲು ನಿಧಿ ಎಷ್ಟು, ಕಳೆದ ಐದು ವರ್ಷ ಶುಲ್ಕ ಯಾವ ಪ್ರಮಾಣದಲ್ಲಿ ಏರಿತು, ಮರೆವು ಬಂದವರನ್ನು ಎಲ್ಲಿಗೆ ಕಳಿಸುತ್ತೀರಿ—ಈ ಮೂರನ್ನು ಬರವಣಿಗೆಯಲ್ಲಿ ಕೇಳಿ. ಉತ್ತರ ಕೊಟ್ಟವರ ಕ್ಯಾಂಟೀನಿನಲ್ಲಿ ಆಮೇಲೆ ಊಟದ ರುಚಿ ನೋಡಿ. ಕೊಡದವರಿಗೆ ಮುಂಗಡ ಕೊಡಬೇಡಿ.