‘ವರ್ಷ’ದೊಳಗಿನ ಮಳೆ

ನೆರೆಯ ದಿನಗಳಲ್ಲಿ ಕಾಶಿಗೆ ಹೋದರೆ ಘಾಟುಗಳ ಕೆಳಗಿನ ಮೆಟ್ಟಿಲು ಕಾಣುವುದಿಲ್ಲ. ದಶಾಶ್ವಮೇಧದ ಸಂಜೆಯಾರತಿ ತಾರಸಿ ಏರಿರುತ್ತದೆ. ಮಣಿಕರ್ಣಿಕೆಯ ಚಿತೆಗಳೂ ತಾರಸಿಯ ಮೇಲೆಯೇ ಉರಿಯುತ್ತವೆ. ಅಲ್ಲೊಬ್ಬ ದೋಣಿಯವರು ನೀರು ನೋಡುತ್ತಾ ಹೇಳಿದರು: ‘ಬರಸೋಂ ಬಾದ್ ಐಸಾ ಬರಸಾ ಹೈ.’ ಎಷ್ಟೋ ವರ್ಷಗಳ ಮೇಲೆ ಹೀಗೆ ಸುರಿದಿದೆಯಂತೆ. ‘ಬರಸ್’ ಎಂದರೆ ವರ್ಷ, ‘ಬರಸ್‌ನಾ’ ಎಂದರೆ ಸುರಿಯುವುದು. ಎರಡರ ತಾಯಿಬೇರೂ ಸಂಸ್ಕೃತದ ‘ವೃಷ್’ ಧಾತು. (ಹಿಂದಿಯ ‘ಬಾರಿಶ್’ ಮಾತ್ರ ಪಾರಸಿ ಮನೆಯದು.)

ಕನ್ನಡದಲ್ಲಿ ಸುರಿಯುವುದಕ್ಕೆ ನಮ್ಮದೇ ‘ಮಳೆ’ ಇದೆ. ‘ವರ್ಷ’ ಕ್ಯಾಲೆಂಡರಿನ ಪಾಲಾಯಿತು. ವರ್ಷಧಾರೆ, ವರ್ಷಋತು, ಅತಿವೃಷ್ಟಿಗಳಲ್ಲಷ್ಟೇ ಹಳೆಯ ಪಸೆ ಉಳಿದಿದೆ.

ಋಗ್ವೇದದವರು ಆಯುಸ್ಸು ಬೇಡುವಾಗ ನೂರು ಶರತ್ತು, ನೂರು ಹಿಮ ಎನ್ನುತ್ತಿದ್ದರು. ಮಳೆಯಿಂದ ಎಣಿಸಿದ್ದು ಆಮೇಲೆ. ಅಮರಕೋಶದ ಹೊತ್ತಿಗೆ ಮಳೆ, ಭೂಭಾಗ, ಸಂವತ್ಸರ ಮೂರಕ್ಕೂ ‘ವರ್ಷ’ವೊಂದೇ ಪದ. ಭರತವರ್ಷದ ವರ್ಷವೂ ಇದೇ.

ಮಳೆಯಿಂದ ಎಣಿಸುವ ಈ ಲೆಕ್ಕದ ಆಳ ತಿಳಿಯಲು ಕಾಶಿಯ ಪಕ್ಕದ ಸಾರನಾಥಕ್ಕೇ ಹೋಗಬೇಕು. ಮೊದಲ ಬೋಧನೆ ಮಾಡಿದ ಬುದ್ಧ ತನ್ನ ಮೊದಲ ಮಳೆಗಾಲ ಕಳೆದದ್ದೂ ಅಲ್ಲೇ. ಪಾಲಿಯಲ್ಲಿ ಅದು ‘ವಸ್ಸ’. ಮಳೆಯಲ್ಲೂ ತಿರುಗುವ ಭಿಕ್ಷುಗಳು ಎಳೆ ಹುಲ್ಲನ್ನೂ ಸಣ್ಣ ಜೀವಗಳನ್ನೂ ತುಳಿಯುತ್ತಾರೆಂದು ಜನ ದೂರಿದರು. ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕ ಇದನ್ನು ಮುಚ್ಚಿಟ್ಟಿಲ್ಲ. ಅದರಿಂದಲೇ ಮೂರು ತಿಂಗಳು ಒಂದೆಡೆ ನಿಲ್ಲುವ ನಿಯಮ ಬಂತು. ಇಂದಿಗೂ ಭಿಕ್ಷುವಿನ ಹಿರಿತನಕ್ಕೆ ಹುಟ್ಟಿದ ದಿನ ಲೆಕ್ಕಕ್ಕಿಲ್ಲ, ಹಾಗೆ ನಿಂತು ಕಳೆದ ವಸ್ಸಗಳೇ ಲೆಕ್ಕ. ಐವತ್ತಕ್ಕೆ ದೀಕ್ಷೆ ಪಡೆದವನು ಹತ್ತು ವಸ್ಸ ಕಂಡ ಮೂವತ್ತರವನಿಗೆ ತಲೆಬಾಗುತ್ತಾನೆ. ಈ ಪದದ ಬಾಳಿನಲ್ಲಿ ನನಗೆ ಇದಕ್ಕಿಂತ ದೊಡ್ಡ ಘಟ್ಟ ಕಾಣದು: ತಡೆಯಲಾಗದ ಮಳೆಗೆ ಎಷ್ಟು ಸಲ ದಾರಿ ಬಿಟ್ಟು ಕೂತೆ ಎಂಬುದೇ ವಯಸ್ಸಾಯಿತು. ನಮ್ಮ ಹಿರಿಯರು ‘ನಿನಗಿಂತ ನಾಲ್ಕು ಮಳೆಗಾಲ ಹೆಚ್ಚು ಕಂಡಿದ್ದೇನೆ’ ಎನ್ನುವಾಗ ಆ ವಸ್ಸದ ದನಿಯೇ ಕೇಳಿದಂತಾಗುತ್ತದೆ.

ಈಗ ವರ್ಷ ಜನವರಿ 1ಕ್ಕೆ ಶುರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಜೂನ್ 1ರಿಂದ ಸೆಪ್ಟೆಂಬರ್ 30. ಗಂಗೆಗೂ ಅಳತೆಯಿದೆ: ಕಾಶಿಯಲ್ಲಿ ಅಪಾಯದ ಮಟ್ಟ 71.262 ಮೀಟರ್. 1978ರ ಸೆಪ್ಟೆಂಬರ್‌ನಲ್ಲಿ ನೀರು 73.901ಕ್ಕೆ ಏರಿತ್ತು. ಗಂಗೆ ಉಕ್ಕಿದರೆ ಅದನ್ನು ಸೇರುವ ವರುಣಾ ನದಿ ಹಿಂದಕ್ಕೆ ತಳ್ಳಿಸಿಕೊಂಡು ದಂಡೆಯ ಮನೆಗಳಿಗೆ ನುಗ್ಗುತ್ತದೆ.

ದೋಣಿಯವರು ಹಗ್ಗ ಬಿಚ್ಚಿ ಮೂರು ಮೆಟ್ಟಿಲು ಮೇಲೆ ಕಟ್ಟಿದರು. ‘ಈ ಕೆಲಸಕ್ಕೆ ಎಷ್ಟು ವರ್ಷವಾಯಿತು, ಚಾಚಾ?’ ಎಂದೆ. ಒದ್ದೆ ಬೆರಳು ಮಡಿಸುತ್ತಾ ಎಣಿಸತೊಡಗಿದರು: ಎಪ್ಪತ್ತೆಂಟರ ನೆರೆಗೆ ನಾನಿನ್ನೂ ಹುಡುಗ, ಆಮೇಲೆ 2013ರದು, 2016ರದು, 2021ರದು...