ದಿನ ಎಣಿಸುತ್ತಿದ್ದ ಅಜ್ಜಿಯೂ ಎರಡು ಗೆರೆಯ ಪಟ್ಟಿಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಸೊಸೆ ಬಸುರಿಯೋ ಅಲ್ಲವೋ ಎಂದು ತಿಳಿಯಲು ಅಜ್ಜಿಯರಿಗೆ ಇದ್ದದ್ದು ದಿನದ ಲೆಕ್ಕ ಒಂದೇ. ಎರಡು ಸಲ ಮುಟ್ಟು ತಪ್ಪಿ, ವಾಂತಿ, ಬಯಕೆ ಶುರುವಾದ ಮೇಲೆಯೇ ಮಾತು ಹೊರಬೀಳುತ್ತಿತ್ತು. ಕುಬಸದ ಹೊತ್ತಿಗೆ ಊರಿಗೆಲ್ಲ ಗೊತ್ತು.

ಮೂತ್ರದಿಂದ ಬಸಿರು ತಿಳಿಯುವ ಯತ್ನ ಬಹಳ ಹಳೆಯದು. 3,000 ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಗೋಧಿ, ಬಾರ್ಲಿ ಕಾಳಿಗೆ ಹೆಂಗಸಿನ ಮೂತ್ರ ಹಾಕಿ, ಮೊಳಕೆ ಬರುತ್ತದೆಯೇ ಎಂದು ಕಾಯುತ್ತಿದ್ದರು. 1920ರ ದಶಕದ ಕೊನೆಗೆ ಜರ್ಮನಿಯ ಆಶ್‌ಹೈಮ್ ಮತ್ತು ಝೊಂಡೆಕ್ ಎಂಬ ವೈದ್ಯರು ಮೂತ್ರವನ್ನು ಹೆಣ್ಣಿಲಿಗೆ ಚುಚ್ಚಿ, ಕೆಲ ದಿನಗಳ ನಂತರ ಅದನ್ನು ಕೊಯ್ದು ಅಂಡಾಶಯ ನೋಡಿದರು. ಆಮೇಲೆ ಆಫ್ರಿಕಾದ ಹೆಣ್ಣುಕಪ್ಪೆ ಬಂತು. ಬಸುರಿಯ ಮೂತ್ರ ಚುಚ್ಚಿದರೆ ಅದು ಮರುದಿನದೊಳಗೆ ಮೊಟ್ಟೆ ಇಡುತ್ತಿತ್ತು. 1960ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಾಣಿಯ ಹಂಗಿಲ್ಲದ ಪರೀಕ್ಷೆ ಕಂಡುಹಿಡಿದರು. ಅದನ್ನು ಹೆಣ್ಣುಮಕ್ಕಳು ಮನೆಯಲ್ಲೇ ಮಾಡಿಕೊಳ್ಳಲಿ ಎಂದು 1967ರಲ್ಲಿ ಯೋಚಿಸಿದವರು ಅಮೆರಿಕದ ಮಾರ್ಗರೆಟ್ ಕ್ರೇನ್. ನಮ್ಮ ಹಳ್ಳಿಗಳಿಗೆ ಅದು ‘ನಿಶ್ಚಯ್’ ಕಿಟ್ ಆಗಿ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಬಂತು.

ಇಲಿ, ಕಪ್ಪೆ, ಪಟ್ಟಿ ಮೂರೂ ಹುಡುಕಿದ್ದು ಒಂದನ್ನೇ: ಎಚ್‌ಸಿಜಿ ಎಂಬ ಹಾರ್ಮೋನು. ಫಲಿಸಿದ ಅಂಡ ಗರ್ಭಕೋಶಕ್ಕೆ ಅಂಟಿದ ಮೇಲೆಯೇ ಇದು ಹುಟ್ಟುತ್ತದೆ; ಮೊದಮೊದಲು ಎರಡು-ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಆದ್ದರಿಂದ ಅವಸರ ಮಾಡಿದರೆ ಬಸಿರಿದ್ದರೂ ಒಂದೇ ಗೆರೆ ಬಂದೀತು. ಆ ಒಂದು ಗೆರೆ ನೋಡಿ ಎಷ್ಟು ಮನೆಗಳಲ್ಲಿ ಸೊಸೆ ಚುಚ್ಚುಮಾತು ಕೇಳಿದ್ದಾಳೆ! ಬಸಿರಿಲ್ಲವೆಂದು ನಂಬಿ, ಸಿಕ್ಕ ಗುಳಿಗೆ ನುಂಗಿದವರೂ ಇದ್ದಾರೆ.

ಹಾಗಾದರೆ ಯಾವಾಗ? ಮುಟ್ಟು ಬರಬೇಕಿದ್ದ ದಿನ ದಾಟಿದ ಮೇಲೆ. ಒಂದು ವಾರ ಕಾದರೆ ಇನ್ನೂ ಖಾತ್ರಿ. ಮುಟ್ಟಿನ ಲೆಕ್ಕ ಸರಿಯಿಲ್ಲದವರು ಗಂಡನ ಜೊತೆ ಕೂಡಿದ 21 ದಿನಗಳ ನಂತರ ನೋಡಬೇಕು. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಪೊಟ್ಟಣದ ಮೇಲೆ ಹೇಳಿದ ನಿಮಿಷದೊಳಗೆ ಗೆರೆ ನೋಡಿ. ‘ಸಿ’ ಹತ್ತಿರ ಗೆರೆಯೇ ಬಾರದಿದ್ದರೆ ಆ ಪಟ್ಟಿ ಕೆಟ್ಟಿದೆ. ಒಂದೇ ಗೆರೆ ಬಂದು, ಮುಟ್ಟೂ ಬಾರದಿದ್ದರೆ ವಾರ ಬಿಟ್ಟು ಮತ್ತೆ ನೋಡಿ.

ಎರಡು ಗೆರೆ ಮೂಡಿದರೆ ಆಶಾ ಅಕ್ಕನಿಗೆ ತಿಳಿಸಿ, 12 ವಾರದೊಳಗೆ ತಾಯಿ ಕಾರ್ಡ್ ಮಾಡಿಸಿ. ಜೊತೆಗೆ ಹೊಟ್ಟೆಯ ಒಂದು ಬದಿ ಜೋರಾಗಿ ನೋಯುತ್ತಿದ್ದರೆ, ರಕ್ತ ಹೋಗುತ್ತಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಗರ್ಭ ನಳಿಕೆಯಲ್ಲಿ ನಿಂತಿರಬಹುದು.

ಪಟ್ಟಿ ಬಂದರೂ ಅಜ್ಜಿಯ ಲೆಕ್ಕ ಹಳತಾಗಿಲ್ಲ. ಮುಟ್ಟಾದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.