ಪಾರ್ಕಿನಲ್ಲಿರುವುದು ಕಾಂಗ್ರೆಸ್ ಗಿಡವೋ, ಮಾಚಿಪತ್ರೆಯೋ? ಕೀಳುವ ಮೊದಲು ಇದನ್ನು ಓದಿ

ನಾಲ್ಕು ಮಳೆ ಬಿದ್ದರೆ ಸಾಕು, ಕೋಲಾರದ ಪಾರ್ಕು, ಖಾಲಿ ಸೈಟು, ರಸ್ತೆ ಬದಿಯಲ್ಲೆಲ್ಲ ಕಳೆ ಏಳುತ್ತದೆ. ಜೊತೆಗೇ ‘ಈ ಗಿಡ ಮುಟ್ಟಿದರೆ ಪ್ರಾಣಕ್ಕೇ ಅಪಾಯ, ಕಂಡಲ್ಲಿ ಕಿತ್ತುಹಾಕಿ’ ಎನ್ನುವಂಥ ಫಾರ್ವರ್ಡ್‌ಗಳೂ ಬರುತ್ತವೆ. ಇದು ನಿಜವೇ? ಅರ್ಧ ಮಾತ್ರ.

ಪಾರ್ಥೇನಿಯಂ ಅಂದರೆ ನಮ್ಮ ಕಾಂಗ್ರೆಸ್ ಗಿಡ, ತೆಲುಗಿನಲ್ಲಿ ವಯ್ಯಾರಿಭಾಮ. ಮೂಲ ಅಮೆರಿಕ ಖಂಡ. 1955ರ ಹೊತ್ತಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ಈಗ ದೇಶವೆಲ್ಲ ಹರಡಿದೆ. ಎಳೆಯ ಗಿಡದ ಎಲೆಗಳು ನೆಲಕ್ಕೆ ಅಂಟಿದಂತೆ ಸುತ್ತಲೂ ಹರಡಿರುತ್ತವೆ, ಕ್ಯಾರೆಟ್ ಸೊಪ್ಪಿನ ಹಾಗೆ ಸೀಳಿರುತ್ತವೆ. ಬೆಳೆದ ಮೇಲೆ ಕಾಂಡದುದ್ದಕ್ಕೂ ಗೆರೆಗಳು, ಸಣ್ಣ ರೋಮ. ತುದಿಯಲ್ಲಿ ಪುಟ್ಟ ಪುಟ್ಟ ಬಿಳಿ ಹೂಗಳು. ಹತ್ತಿರದಿಂದ ನೋಡಿದರೆ ಪ್ರತಿ ಹೂವಿನ ಅಂಚಿನಲ್ಲಿ ಐದು ಮೂಲೆ ಕಾಣುತ್ತವೆ.

ಗೊಂದಲ ಆಗುವುದು ಹೂ ಬಿಡುವ ಮುಂಚೆ. ಗಣೇಶನ ಪೂಜೆಗೆ ಬಳಸುವ ಮಾಚಿಪತ್ರೆಯ ಎಲೆಯೂ ಹೀಗೇ ಸೀಳಿರುತ್ತದೆ. ನಾವೂ ಮೊದಮೊದಲು ಫೋಟೊ ನೋಡಿ ಮೋಸಹೋದವರೇ. ಒಂದು ಕಡ್ಡಿಯಿಂದ ಎಲೆ ಮಗುಚಿ ನೋಡಿ: ಹಿಂಭಾಗ ಬೂದಿ ಬಳಿದಂತೆ ಬೆಳ್ಳಗಿದ್ದರೆ ಅದು ಮಾಚಿಪತ್ರೆ. ವಾಸನೆ ನೋಡಲೆಂದು ಎಲೆ ಹಿಸುಕಬೇಡಿ.

ಯಾಕೆಂದರೆ ಪಾರ್ಥೇನಿಯಂನಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಒಂದು ಸಲ ಮುಟ್ಟಿದರೆ ಸಾಯುವುದಿಲ್ಲ, ಎಲ್ಲರಿಗೂ ತೊಂದರೆ ಆಗುವುದೂ ಇಲ್ಲ. ಆದರೆ ಪದೇ ಪದೇ ತಾಗಿದರೆ ಕೆಲವರಿಗೆ ತುರಿಕೆ, ಇಸುಬು ಶುರುವಾಗುತ್ತದೆ; ಪರಾಗದಿಂದ ಸೀನು, ಉಬ್ಬಸ ಬರಬಹುದು. ಶ್ರಮದಾನಕ್ಕೆ ಮಕ್ಕಳನ್ನು ಬರಿಗೈಯಲ್ಲಿ ಇಳಿಸುವುದನ್ನು ನಾವು ಒಪ್ಪುವುದಿಲ್ಲ. ಗ್ಲೌಸು, ತುಂಬುತೋಳಿನ ಅಂಗಿ ಹಾಕಿಕೊಂಡು, ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಎಲೆ ಮೇಲೆ ಕಂದು ಗೆರೆಗಳ ಬಿಳಿಚಿದ ಪುಟ್ಟ ದುಂಬಿ ಕಂಡರೆ ಕೊಲ್ಲಬೇಡಿ. ಈ ಗಿಡ ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜಾತಿ ಅದು.

ಪಾರ್ಕು ಕೆರೆ ಪಕ್ಕದಲ್ಲಿದ್ದರೆ ಇನ್ನೊಂದು ಎಡವಟ್ಟು ಆಗುತ್ತದೆ. ಬಳ್ಳಾರಿ ಜಾಲಿ ಹೊರಗಿನಿಂದ ಬಂದದ್ದು, ಗೊಬ್ಬಳಿ ನಮ್ಮದೇ ಮರ. ಎರಡಕ್ಕೂ ಮುಳ್ಳಿದೆ. ಹೂ ಹಳದಿ ಉಂಡೆಯಂತಿದ್ದು, ಕಾಯಿ ಮಣಿ ಪೋಣಿಸಿದಂತಿದ್ದರೆ ಗೊಬ್ಬಳಿ, ಬಿಟ್ಟುಬಿಡಿ. ಹೂ ಉದ್ದನೆಯ ತೆನೆಯಂತಿದ್ದರೆ ಬಳ್ಳಾರಿ ಜಾಲಿ.

ಲಂಟಾನಾ ಗುರುತು ಸುಲಭ: ಚೌಕ ಕಾಂಡ, ಒರಟು ಎಲೆ, ಒಂದೇ ಗೊಂಚಲಲ್ಲಿ ಎರಡು ಮೂರು ಬಣ್ಣದ ಹೂ. ದನ, ಕುರಿಗೆ ಇದರ ಸೊಪ್ಪು ವಿಷ.

ಇನ್ನೂ ಅನುಮಾನವಿದ್ದರೆ ಎಲೆಯ ಎರಡೂ ಬದಿ, ಕಾಂಡ, ಹೂ ಬೇರೆ ಬೇರೆಯಾಗಿ ಫೋಟೊ ತೆಗೆದು ಟಮಕದ ತೋಟಗಾರಿಕೆ ಕಾಲೇಜಿನಲ್ಲಿ ತೋರಿಸಿ, ಆಮೇಲೆ ಗ್ರೂಪಿಗೆ ಹಾಕಿ.